ವೋಲ್ಟೇಜು, ಕರೆಂಟು ಮತ್ತು ಉದ್ಯಮಿಯ ಲೆಕ್ಕ
ಎರಡು ಅಂಕಿಗಳಿಂದ ರೋಧವನ್ನೂ ವಿದ್ಯುತ್ ಸಾಮರ್ಥ್ಯವನ್ನೂ ಕಂಡುಹಿಡಿಯುವ ಬಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಉದ್ಯಮ ಜೀವನದಲ್ಲಿ ವಿದ್ಯುತ್ತು ಇಂದು ಕಚ್ಚಾ ಸಾಮಗ್ರಿಯಷ್ಟೇ ಮುಖ್ಯವಾದ ಸ್ಥಾನ ಪಡೆದಿದೆ. ಬೆಲ್ಲದ ಗಾಣ, ಹಿಟ್ಟಿನ ಗಿರಣಿ, ಖಾರ ಕುಟ್ಟುವ ಯಂತ್ರ, ತಂಬಾಕಿನ ಗೋದಾಮು, ವೆಲ್ಡಿಂಗ್ ಅಂಗಡಿ ಇವೆಲ್ಲವೂ ಅದನ್ನೇ ಆಶ್ರಯಿಸಿವೆ. ಕಚ್ಚಾ ಸಾಮಗ್ರಿಯನ್ನು ಕೊಳ್ಳುವ ವರ್ತಕನು ತಕ್ಕಡಿಯ ಮುಳ್ಳನ್ನು ಸ್ವತಃ ನೋಡದೆ ಹಣ ಕೊಡುವುದಿಲ್ಲ. ಆದರೆ ವಿದ್ಯುತ್ತಿನ ವಿಷಯ ಬಂದಾಗ ಅದೇ ವರ್ತಕನು ತಿಂಗಳ ಬಿಲ್ಲನ್ನು ನೋಡಿ ನಿಟ್ಟುಸಿರು ಬಿಟ್ಟು ಹಣ ತುಂಬಿಬಿಡುತ್ತಾನೆ.

ಇದರ ಪರಿಣಾಮವು ಮೋಟಾರು ಸುಟ್ಟ ದಿನ ತಿಳಿಯುತ್ತದೆ. ಹಂಗಾಮಿನ ನಡುವೆ ಯಂತ್ರ ನಿಲ್ಲುತ್ತದೆ. ರಿವೈಂಡಿಂಗ್ ಅಂಗಡಿಯವರು "ವೋಲ್ಟೇಜು ಕಡಿಮೆ ಬರುತ್ತಿದೆ" ಎನ್ನುತ್ತಾರೆ. ವಿದ್ಯುತ್ ಪೂರೈಕೆಯ ಸಿಬ್ಬಂದಿ "ನಿಮ್ಮ ವೈರಿಂಗೇ ಸರಿಯಿಲ್ಲ" ಎನ್ನುತ್ತಾರೆ. ಯಂತ್ರ ಮಾರಿದವರು "ಮಂದಿ ಹೆಚ್ಚು ಲೋಡು ಹಾಕಿದ್ದಾರೆ" ಎನ್ನುತ್ತಾರೆ. ಮೂವರಲ್ಲಿ ಯಾರ ಮಾತು ನಿಜವೆಂಬುದನ್ನು ನಿರ್ಣಯಿಸುವ ಸಾಧನವಿಲ್ಲದ ಮಾಲೀಕನು ಮೂರೂ ಕಡೆ ಹಣ ತೆರುತ್ತಾನೆ. ಆ ಸಾಧನವು ಬಹಳ ಸರಳವಾದುದು. ವೋಲ್ಟೇಜು ಮತ್ತು ಕರೆಂಟು ಎಂಬ ಎರಡು ಅಂಕಿಗಳನ್ನು ಸರಿಯಾದ ಜಾಗದಲ್ಲಿ ಅಳೆದು, ಒಂದು ಭಾಗಾಕಾರ ಮತ್ತು ಒಂದು ಗುಣಾಕಾರ ಮಾಡಿದರೆ ದೋಷವು ಯಾರ ಕಡೆ ಇದೆಯೆಂಬುದು ಬಹುಮಟ್ಟಿಗೆ ತಿಳಿದುಬರುತ್ತದೆ.

ಮೂಲ ಸೂತ್ರಗಳು

ವಿದ್ಯುತ್ತನ್ನು ಮುಂದಕ್ಕೆ ತಳ್ಳುವ ಒತ್ತಡವೇ ವೋಲ್ಟೇಜು. ಇದರ ಮಾನ ವೋಲ್ಟ್. ತಂತಿಯಲ್ಲಿ ಹರಿಯುವ ಪ್ರವಾಹವೇ ಕರೆಂಟು. ಇದರ ಮಾನ ಆಂಪಿಯರ್. ಆ ಪ್ರವಾಹಕ್ಕೆ ತಂತಿಯಾಗಲಿ ಯಂತ್ರವಾಗಲಿ ಒಡ್ಡುವ ಅಡ್ಡಿಯೇ ರೋಧ. ಇದರ ಮಾನ ಓಮ್. ಒಂದು ಸೆಕೆಂಡಿನಲ್ಲಿ ಬಳಕೆಯಾಗುವ ಶಕ್ತಿಯೇ ವಿದ್ಯುತ್ ಸಾಮರ್ಥ್ಯ. ಇದರ ಮಾನ ವ್ಯಾಟ್. 1,000 ವ್ಯಾಟಿನ ಯಂತ್ರವು ಒಂದು ಗಂಟೆ ನಡೆದರೆ ಮೀಟರಿನಲ್ಲಿ ಒಂದು ಯುನಿಟ್ ಏರುತ್ತದೆ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್.

ಸೂತ್ರ 1: ರೋಧ = ವೋಲ್ಟೇಜು ÷ ಕರೆಂಟು
ಸೂತ್ರ 2: ಸಾಮರ್ಥ್ಯ = ವೋಲ್ಟೇಜು × ಕರೆಂಟು
ಸೂತ್ರ 3: ಸಾಮರ್ಥ್ಯ = ಕರೆಂಟು × ಕರೆಂಟು × ರೋಧ
ಸೂತ್ರ 4: ಸಾಮರ್ಥ್ಯ = ವೋಲ್ಟೇಜು × ವೋಲ್ಟೇಜು ÷ ರೋಧ

ಮೊದಲನೆಯದು ಜರ್ಮನಿಯ ಗಿಯೋರ್ಗ್ ಸೈಮನ್ ಓಮ್ ಅವರು 1827ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿದೆ. ಓಮ್ ಅವರು ಬೀಗ ಮಾಡುವ ಕುಶಲಕರ್ಮಿಯೊಬ್ಬರ ಮಗ. ಶಾಲಾ ಶಿಕ್ಷಕರಾಗಿದ್ದುಕೊಂಡೇ ಪ್ರಯೋಗ ನಡೆಸಿದವರು. ಮೂರನೆಯ ಸೂತ್ರವನ್ನು 1840ರ ಸುಮಾರಿಗೆ ಸಾಧಿಸಿ ತೋರಿಸಿದವರು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್. ಇವರದು ಬಿಯರ್ ತಯಾರಿಕೆಯ ಮನೆತನ. ತಮ್ಮ ಕಾರ್ಖಾನೆಯ ಉಗಿಯಂತ್ರದ ಬದಲು ವಿದ್ಯುತ್ ಮೋಟಾರು ಬಳಸಿದರೆ ಖರ್ಚು ಉಳಿಯಬಹುದೇ ಎಂಬ ವ್ಯಾಪಾರಿಯ ಪ್ರಶ್ನೆಯೂ ಜೂಲ್ ಅವರ ಪ್ರಯೋಗಗಳ ಹಿಂದೆ ಇತ್ತು. ಸಣ್ಣ ಉದ್ಯಮಿಗೆ ಇಂದಿಗೂ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಮೂರನೆಯ ಸೂತ್ರವೇ. ಕರೆಂಟು ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖವು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ ಎಂಬುದೇ ಅದರ ತಿರುಳು.

ಉದಾಹರಣೆ 1: ಅಥಣಿಯ ಪೊಟ್ಟಣ ಬೆಸೆಯುವ ಯಂತ್ರ

ಅಥಣಿ ತಾಲೂಕಿನಲ್ಲಿ ಒಣದ್ರಾಕ್ಷಿಯನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ತುಂಬಿ ಬೆಸೆಯುವ ಒಂದು ಘಟಕವಿದೆ ಎಂದು ಭಾವಿಸಬಹುದು. ಬೆಸೆಯುವ ಯಂತ್ರದ ಹೀಟರು 230 ವೋಲ್ಟಿನಲ್ಲಿ 4.35 ಆಂಪಿಯರ್ ಎಳೆಯುತ್ತದೆ. ಆಗ,

ರೋಧ = 230 ÷ 4.35 = 52.9 ಓಮ್
ಸಾಮರ್ಥ್ಯ = 230 × 4.35 = ಸುಮಾರು 1,000 ವ್ಯಾಟ್

ಸಂಜೆಯ ಹೊತ್ತು ವೋಲ್ಟೇಜು 180ಕ್ಕೆ ಇಳಿಯಿತು. ಹೀಟರಿನ ತಂತಿಯಾದ ನೈಕ್ರೋಮಿನ ರೋಧವು ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ನಾಲ್ಕನೆಯ ಸೂತ್ರದಂತೆ,

ಸಾಮರ್ಥ್ಯ = 180 × 180 ÷ 52.9 = 612 ವ್ಯಾಟ್

ವೋಲ್ಟೇಜು ಇಳಿದದ್ದು ಶೇ. 22ರಷ್ಟು, ಶಾಖವು ಇಳಿದದ್ದು ಶೇ. 39ರಷ್ಟು. ಪೊಟ್ಟಣದ ಬಾಯಿ ಸರಿಯಾಗಿ ಕೂಡದೆ ಗಾಳಿ ಹೊಕ್ಕು ಸರಕು ಕೆಡುತ್ತದೆ. ಗ್ರಾಹಕನು ದೂರುವುದು ಪ್ಲಾಸ್ಟಿಕ್ಕನ್ನು. ಆದರೆ ದೋಷವಿರುವುದು ವೋಲ್ಟೇಜಿನಲ್ಲಿ. ಇಂಥ ಘಟಕದವರು ಹಾಳೆಯ ಗುಣಮಟ್ಟವನ್ನು ಬದಲಾಯಿಸುವ ಮೊದಲು ಬೆಸುಗೆ ಕೆಟ್ಟ ಗಂಟೆಯಲ್ಲಿ ವೋಲ್ಟೇಜು ಎಷ್ಟಿತ್ತೆಂಬುದನ್ನು ಬರೆದಿಟ್ಟು ನೋಡುವುದು ಒಳ್ಳೆಯದು.

ಹೀಟರಿಗೆ ವೋಲ್ಟೇಜು ಇಳಿದರೆ ಅದು ಎಳೆಯುವ ಕರೆಂಟೂ ಇಳಿಯುತ್ತದೆ. ಆದ್ದರಿಂದ ಕೆಲಸ ನಿಧಾನವಾಗುತ್ತದೆಯೇ ಹೊರತು ಹೀಟರು ಸುಡುವುದಿಲ್ಲ. ಮೋಟಾರಿನ ನಡವಳಿಕೆ ಇದಕ್ಕೆ ವಿರುದ್ಧವಾದುದು. ಅದು ಹೊತ್ತ ಭಾರವನ್ನು ಎಳೆಯಲೇಬೇಕಾಗಿರುವುದರಿಂದ ವೋಲ್ಟೇಜು ಇಳಿದಂತೆಲ್ಲ ಹೆಚ್ಚು ಕರೆಂಟು ಎಳೆಯುತ್ತದೆ. ಮೋಟಾರು ಸುಡುವ ಗುಟ್ಟು ಇಲ್ಲಿಯೇ ಅಡಗಿದೆ.

ಉದಾಹರಣೆ 2: ರಾಯಬಾಗದ ಬೆಲ್ಲದ ಗಾಣ

ಮೂರು ಫೇಜಿನ ಮೋಟಾರಿಗೆ ಸೂತ್ರ 2ನ್ನು ಹಾಗೆಯೇ ಬಳಸಲಾಗದು. ಅದಕ್ಕೆ ಎರಡು ಸಂಖ್ಯೆಗಳು ಹೆಚ್ಚುವರಿಯಾಗಿ ಸೇರುತ್ತವೆ. ಮೂರು ಫೇಜುಗಳ ಲೆಕ್ಕಕ್ಕಾಗಿ 1.732 ಎಂಬ ಗುಣಕ ಒಂದು; ಕರೆಂಟಿನಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು ಎಷ್ಟೆಂದು ಹೇಳುವ ಪವರ್ ಫ್ಯಾಕ್ಟರ್ ಇನ್ನೊಂದು.

ಸೂತ್ರ 5: ಮೂರು ಫೇಜಿನ ಸಾಮರ್ಥ್ಯ = 1.732 × ವೋಲ್ಟೇಜು × ಕರೆಂಟು × ಪವರ್ ಫ್ಯಾಕ್ಟರ್

ರಾಯಬಾಗದ ಕಡೆಯ ಒಂದು ಗಾಣದಲ್ಲಿ ಕಬ್ಬು ಅರೆಯಲು 10 ಅಶ್ವಶಕ್ತಿಯ ಮೋಟಾರು ಇದೆಯೆಂದು ಇಟ್ಟುಕೊಳ್ಳಬಹುದು. ಅದರ ಪವರ್ ಫ್ಯಾಕ್ಟರ್ 0.85, ದಕ್ಷತೆ ಶೇ. 87. 415 ವೋಲ್ಟಿನಲ್ಲಿ ಪೂರ್ಣ ಭಾರ ಹೊತ್ತಾಗ ಅದು ಎಳೆಯಬೇಕಾದ ಕರೆಂಟು,

7,460 ÷ (1.732 × 415 × 0.85 × 0.87) = 14 ಆಂಪಿಯರ್

ಮೀಟರು ಬೋರ್ಡಿನಿಂದ ಗಾಣಕ್ಕೆ 200 ಮೀಟರ್ ದೂರ. ನಡುವೆ 4 ಚದರ ಮಿ.ಮೀ. ಅಲ್ಯೂಮಿನಿಯಂ ತಂತಿ ಎಳೆಯಲಾಗಿದೆ. ಮೋಟಾರು ಪ್ರತಿ ಹಂಗಾಮಿನಲ್ಲಿಯೂ ಒಮ್ಮೆ ಸುಡುತ್ತದೆ. ಮಾಲೀಕನು ಟಿ.ಸಿ.ಯನ್ನು ದೂಷಿಸುತ್ತಾನೆ. ಇಂಥ ಸಂದರ್ಭದಲ್ಲಿ ಮೂರು ಅಳತೆಗಳು ಸಾಕು.

ಮೋಟಾರು ನಿಂತಿರುವಾಗ ಬೋರ್ಡಿನಲ್ಲಿ ವೋಲ್ಟೇಜು: 412
ಮೋಟಾರು ಕಬ್ಬು ಅರೆಯುತ್ತಿರುವಾಗ ಬೋರ್ಡಿನಲ್ಲಿ: 404
ಅದೇ ಹೊತ್ತಿನಲ್ಲಿ ಮೋಟಾರಿನ ಟರ್ಮಿನಲ್ಲಿನಲ್ಲಿ: 372, ಕರೆಂಟು 15.7 ಆಂಪಿಯರ್

ಈ ಅಂಕಿಗಳು ಹೇಳುವ ಕಥೆ ಸ್ಪಷ್ಟವಾಗಿದೆ. ಕಂಬದಿಂದ ಬೋರ್ಡಿನವರೆಗೆ ಬಂದ ವೋಲ್ಟೇಜು ಸರಿಯಾಗಿದೆ. 415 ವೋಲ್ಟಿನ ಪೂರೈಕೆಯಲ್ಲಿ ಶೇ. 6ರ ಏರಿಳಿತವನ್ನು ಒಪ್ಪಿಕೊಂಡರೆ 390ರಿಂದ 440ರವರೆಗೆ ಇರಬಹುದು. ಇಲ್ಲಿ 404 ಇದೆ. ಭಾರ ಬಿದ್ದಾಗ ಪೂರೈಕೆಯ ಕಡೆ ಇಳಿದದ್ದು ಕೇವಲ 8 ವೋಲ್ಟ್. ಆದರೆ ಮಾಲೀಕನ ಸ್ವಂತ ತಂತಿಯಲ್ಲಿ 32 ವೋಲ್ಟ್ ಕಳೆದುಹೋಗಿದೆ.

ಈ 32 ವೋಲ್ಟಿನಿಂದ ತಂತಿಯ ರೋಧವನ್ನು ಕಂಡುಕೊಳ್ಳಬಹುದು. ಮೂರು ಫೇಜಿನ ಲೆಕ್ಕವಾದ್ದರಿಂದ ಕರೆಂಟನ್ನು 1.732 ಮತ್ತು 0.85ರಿಂದ ಗುಣಿಸಿ ಭಾಗಿಸಬೇಕು:

ಒಂದು ತಂತಿಯ ರೋಧ = 32 ÷ (1.732 × 15.7 × 0.85) = ಸುಮಾರು 1.4 ಓಮ್

ಇದನ್ನು ತಂತಿಯ ಅಳತೆಯಿಂದ ಬರುವ ರೋಧದೊಡನೆ ತಾಳೆ ನೋಡಬೇಕು. ಒಂದು ಚದರ ಮಿ.ಮೀ. ದಪ್ಪದ ಒಂದು ಮೀಟರ್ ಅಲ್ಯೂಮಿನಿಯಂ ತಂತಿಗೆ ಸುಮಾರು 0.028 ಓಮ್, ತಾಮ್ರಕ್ಕೆ ಸುಮಾರು 0.0175 ಓಮ್ ರೋಧವಿರುತ್ತದೆ.

ಸೂತ್ರ 6: ತಂತಿಯ ರೋಧ = ಮೇಲಿನ ಅಂಕಿ × ಉದ್ದ ÷ ಚದರ ಮಿ.ಮೀ.
0.028 × 200 ÷ 4 = 1.4 ಓಮ್

ಎರಡೂ ಅಂಕಿಗಳು ಒಂದೇ ಆಗಿವೆ. ಅಂದರೆ ತಂತಿಯಲ್ಲಿ ಕೆಟ್ಟ ಜೋಡಣೆಯಿಲ್ಲ, ತಂತಿಯೇ ತೆಳುವಾಯಿತು. ಅಳೆದ ರೋಧವು ಲೆಕ್ಕದ ರೋಧಕ್ಕಿಂತ ಬಹಳ ಹೆಚ್ಚಾಗಿ ಬಂದಿದ್ದರೆ ನಡುವೆ ಎಲ್ಲೋ ಸಡಿಲವಾದ ಜೋಡಣೆಯಿದೆಯೆಂದು ತಿಳಿಯಬೇಕಾಗಿತ್ತು. ಮೋಟಾರು ನಿಂತಾಗಲೇ ಬೋರ್ಡಿನಲ್ಲಿ 360 ವೋಲ್ಟ್ ಇದ್ದಿದ್ದರೆ ದೋಷವು ಪೂರೈಕೆಯ ಕಡೆಯದೆಂದು ಲಿಖಿತ ದೂರು ಕೊಡಬಹುದಾಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 4 ಚದರ ಮಿ.ಮೀ. ಅಲ್ಯೂಮಿನಿಯಂ ತಂತಿಯು 16 ಆಂಪಿಯರ್ ಕರೆಂಟನ್ನು ಕಾಯದೆ ಹೊರಬಲ್ಲದು. ಕೈಯಿಟ್ಟು ನೋಡಿದವರಿಗೆ ಅದು ತಣ್ಣಗೇ ಇರುತ್ತದೆ. ಆದ್ದರಿಂದ "ತಂತಿ ಸಾಕು" ಎಂಬ ತೀರ್ಮಾನಕ್ಕೆ ಬರುತ್ತಾರೆ. ತಂತಿಯು ಕರೆಂಟನ್ನು ಹೊರಬಲ್ಲದೇ ಎಂಬುದು ಒಂದು ಪ್ರಶ್ನೆ. ಅಷ್ಟು ದೂರಕ್ಕೆ ವೋಲ್ಟೇಜನ್ನು ಮುಟ್ಟಿಸಬಲ್ಲದೇ ಎಂಬುದು ಬೇರೆಯೇ ಪ್ರಶ್ನೆ. ದೂರ ಹೆಚ್ಚಾದಲ್ಲೆಲ್ಲ ಎರಡನೆಯದೇ ಮುಖ್ಯ.

ತೆಳು ತಂತಿಯ ಬೆಲೆ

ಈ ತಂತಿಯು ಮಾಲೀಕನಿಂದ ಎರಡು ವಿಧದಲ್ಲಿ ಬೆಲೆ ವಸೂಲು ಮಾಡುತ್ತದೆ. ಮೊದಲನೆಯದು ಮೋಟಾರಿನ ಆಯುಷ್ಯ. 14ರ ಬದಲು 15.7 ಆಂಪಿಯರ್ ಹರಿದಾಗ ಮೂರನೆಯ ಸೂತ್ರದಂತೆ ವೈಂಡಿಂಗಿನ ಶಾಖವು ಸುಮಾರು ಶೇ. 26ರಷ್ಟು ಏರುತ್ತದೆ. ಜೊತೆಗೆ ಮೋಟಾರಿನ ತಿರುಗಿಸುವ ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ 372 ವೋಲ್ಟಿನಲ್ಲಿ ಅದು ಶೇ. 80ಕ್ಕೆ ಇಳಿಯುತ್ತದೆ. ಕಬ್ಬು ಗಾಣದಲ್ಲಿ ಸಿಕ್ಕಿಕೊಂಡಾಗ ಮೋಟಾರು ಎಳೆಯಲಾರದೆ ಮುಲುಗುತ್ತ ನಿಲ್ಲುವುದು ಈ ಕಾರಣದಿಂದ.

ಎರಡನೆಯದು ಬಿಲ್ಲು. ಮೂರು ತಂತಿಗಳಲ್ಲಿ ಶಾಖವಾಗಿ ಹೋಗುವ ಸಾಮರ್ಥ್ಯ:

3 × 15.7 × 15.7 × 1.4 = ಸುಮಾರು 1,035 ವ್ಯಾಟ್

ಮೋಟಾರು ನಡೆಯುವ ಪ್ರತಿ ಗಂಟೆಗೂ ಒಂದು ಯುನಿಟ್ಟಿಗಿಂತ ಹೆಚ್ಚು ವಿದ್ಯುತ್ತು ದಾರಿಯಲ್ಲಿಯೇ ಆವಿಯಾಗುತ್ತಿದೆ. ಮೀಟರು ಬೋರ್ಡಿನಲ್ಲಿಯೇ ಇರುವುದರಿಂದ ಅದಕ್ಕೂ ಮಾಲೀಕನೇ ಹಣ ಕೊಡುತ್ತಾನೆ. 16 ಚದರ ಮಿ.ಮೀ. ತಂತಿ ಹಾಕಿದರೆ ರೋಧವು ನಾಲ್ಕನೆಯ ಒಂದು ಪಾಲಿಗೆ, ಅಂದರೆ 0.35 ಓಮಿಗೆ ಇಳಿಯುತ್ತದೆ. ಮೋಟಾರಿಗೆ 396 ವೋಲ್ಟ್ ಮುಟ್ಟುತ್ತದೆ, ಕರೆಂಟು 14.7 ಆಂಪಿಯರಿಗೆ ಇಳಿಯುತ್ತದೆ. ತಂತಿಯ ನಷ್ಟವು ಸುಮಾರು 227 ವ್ಯಾಟ್ ಮಾತ್ರ. ಉಳಿತಾಯ ಸುಮಾರು 808 ವ್ಯಾಟ್. ದಿನಕ್ಕೆ 8 ಗಂಟೆಯಂತೆ 150 ದಿನದ ಹಂಗಾಮಿಗೆ 970 ಯುನಿಟ್ ಉಳಿಯುತ್ತದೆ. ಯುನಿಟ್ಟಿಗೆ 8 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ 7,760 ರೂಪಾಯಿ. ಪ್ರತಿಯೊಬ್ಬ ಉದ್ಯಮಿಯೂ ಇಲ್ಲಿ ತನ್ನ ಬಿಲ್ಲಿನಲ್ಲಿರುವ ದರವನ್ನು ಇಟ್ಟು ಗುಣಿಸಿಕೊಳ್ಳಬೇಕು. ಅದಕ್ಕೆ ಒಂದು ರಿವೈಂಡಿಂಗಿನ ಖರ್ಚನ್ನೂ ಕೆಲಸ ನಿಂತ ದಿನಗಳ ನಷ್ಟವನ್ನೂ ಸೇರಿಸಿ, ದಪ್ಪ ತಂತಿಯ ಬೆಲೆಯೊಡನೆ ಹೋಲಿಸಬೇಕು.

ವಿದ್ಯುತ್ತನ್ನು ದೂರ ಸಾಗಿಸುವವರು ಇದೇ ಲೆಕ್ಕವನ್ನು ಅನುಸರಿಸಿಕೊಂಡು ಬಂದಿದ್ದಾರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 90 ಮೈಲಿ ದೂರ ವಿದ್ಯುತ್ತನ್ನು ಒಯ್ದಾಗ ವೋಲ್ಟೇಜನ್ನು ಬಹಳ ಏರಿಸಿ ಕರೆಂಟನ್ನು ಇಳಿಸಿದ್ದರಿಂದಲೇ ನಷ್ಟವು ಮಿತಿಯಲ್ಲಿ ಉಳಿಯಿತು. ಊರ ಹೊರಗಿನ ಟಿ.ಸಿ.ಯವರೆಗೆ ಇಂದು 11,000 ವೋಲ್ಟಿನ ತಂತಿ ಬರುವುದೂ ಇದಕ್ಕಾಗಿಯೇ. ಹೊಸ ಘಟಕ ಹಾಕುವವರು ಮೀಟರು ಬೋರ್ಡನ್ನೂ ದೊಡ್ಡ ಮೋಟಾರನ್ನೂ ಆದಷ್ಟು ಹತ್ತಿರ ಇರಿಸಿಕೊಂಡರೆ ಈ ಖರ್ಚು ಮೊದಲಿಗೇ ತಪ್ಪುತ್ತದೆ.

ಉದಾಹರಣೆ 3: ನಿಪ್ಪಾಣಿಯ ತಂಬಾಕಿನ ಗೋದಾಮು

ತಂತಿಯ ರೋಧವು ಹಣವನ್ನು ತಿಂದರೆ ಸಡಿಲ ಜೋಡಣೆಯ ರೋಧವು ಗೋದಾಮನ್ನೇ ತಿನ್ನಬಲ್ಲದು. ಒಣಗಿದ ತಂಬಾಕು, ಗೋಣಿಚೀಲ, ರಟ್ಟು ತುಂಬಿದ ಗೋದಾಮಿನಲ್ಲಿ ಒಂದು ಸ್ವಿಚ್ಚಿನ ತಿರುಪು ಸಡಿಲವಾಗಿದೆಯೆಂದು ಭಾವಿಸಬಹುದು. ಅದರ ಮೂಲಕ 12 ಆಂಪಿಯರ್ ಹರಿಯುತ್ತಿದೆ. ಬಿಗಿಯಾದ ಜೋಡಣೆಯಲ್ಲಿ 0.05 ವೋಲ್ಟ್ ಮಾತ್ರ ಇಳಿಯುತ್ತದೆ. ಅಲ್ಲಿ ಹುಟ್ಟುವ ಶಾಖ 0.05 × 12 = 0.6 ವ್ಯಾಟ್. ಸಡಿಲ ಜೋಡಣೆಯಲ್ಲಿ 2 ವೋಲ್ಟ್ ಇಳಿದರೆ,

ರೋಧ = 2 ÷ 12 = 0.167 ಓಮ್
ಶಾಖ = 2 × 12 = 24 ವ್ಯಾಟ್

24 ವ್ಯಾಟ್ ಎಂಬುದು ಚಿಕ್ಕ ಅಂಕಿಯಂತೆ ಕಾಣುತ್ತದೆ. ಆದರೆ ರೇಡಿಯೋ ದುರಸ್ತಿ ಮಾಡುವವರು ಸೀಸವನ್ನು ಕರಗಿಸಲು ಬಳಸುವ ಬೆಸುಗೆ ಕಡ್ಡಿಯು 25 ವ್ಯಾಟಿನದು. ಅಷ್ಟೇ ಶಾಖವು ಒಂದು ತಿರುಪಿನ ತುದಿಯಲ್ಲಿ ಹಗಲಿರುಳು ಹುಟ್ಟುತ್ತಿದ್ದರೆ ಸುತ್ತಲಿನ ಪ್ಲಾಸ್ಟಿಕ್ಕು ಕಂದಿ, ಬಿರಿದು, ಕೊನೆಗೆ ಹೊತ್ತಿಕೊಳ್ಳುತ್ತದೆ. ಶಾಖದಿಂದ ತಿರುಪು ಮತ್ತಷ್ಟು ಸಡಿಲವಾಗುತ್ತದೆ, ರೋಧ ಏರುತ್ತದೆ, ಶಾಖ ಇನ್ನೂ ಹೆಚ್ಚುತ್ತದೆ.

ಇದಕ್ಕಿಂತ ಭಯಂಕರವಾದ ಸಂಗತಿಯೆಂದರೆ ಇಂಥ ಜೋಡಣೆಯಿಂದ ಫ್ಯೂಜು ಹಾರುವುದಿಲ್ಲ. ಕರೆಂಟು 12 ಆಂಪಿಯರೇ ಇದೆ. ಫ್ಯೂಜು 15 ಆಂಪಿಯರಿನದು. ಫ್ಯೂಜಿಗಾಗಲಿ ಎಂ.ಸಿ.ಬಿ.ಗಾಗಲಿ ಇಲ್ಲಿ ತಪ್ಪೇನೂ ಕಾಣುವುದಿಲ್ಲ. ಆದ್ದರಿಂದ "ಫ್ಯೂಜು ಹಾಕಿದೆ, ಬೆಂಕಿಯ ಭಯವಿಲ್ಲ" ಎಂಬ ನಂಬಿಕೆ ಸರಿಯಲ್ಲ. ಬಣ್ಣ ಕಂದಿದ ಸ್ವಿಚ್ಚು, ಸುಟ್ಟ ವಾಸನೆ, ಮಿಣುಕುವ ದೀಪ ಇವು ಕಂಡಾಗ ಮೇನ್ ಸ್ವಿಚ್ಚನ್ನು ಆರಿಸಿ ಜೋಡಣೆಗಳನ್ನು ಬಿಗಿಗೊಳಿಸಬೇಕು. ಸರಕು ತುಂಬುವ ಮೊದಲು ವರ್ಷಕ್ಕೆ ಒಮ್ಮೆಯಾದರೂ ಪರವಾನಗಿ ಹೊಂದಿದ ವೈರ್‌ಮನ್ನನಿಂದ ಎಲ್ಲ ಜೋಡಣೆಗಳ ತಪಾಸಣೆ ಮಾಡಿಸುವುದು ವಿಮೆಯ ಕಂತಿನಷ್ಟೇ ಅವಶ್ಯವಾದುದು. ಅಲ್ಯೂಮಿನಿಯಂ ಮತ್ತು ತಾಮ್ರದ ತಂತಿಗಳನ್ನು ನೇರವಾಗಿ ಹೆಣೆದು ಟೇಪು ಸುತ್ತುವ ರೂಢಿಯನ್ನು ಕೈಬಿಡಬೇಕು. ಈ ಎರಡು ಲೋಹಗಳ ಸಂಧಿಯಲ್ಲಿ ತುಕ್ಕು ಹಿಡಿದು ರೋಧವು ಏರುತ್ತ ಹೋಗುತ್ತದೆ.

ಉದಾಹರಣೆ 4: ಕಾಗವಾಡದಲ್ಲಿ ರಿವೈಂಡಿಂಗ್ ಮಾಡಿಸಿದ ಮೋಟಾರು

ಮೀರಜ, ಸಾಂಗಲಿ, ಇಚಲಕರಂಜಿ, ಕೊಲ್ಹಾಪುರದ ಪೇಟೆಗಳು ಈ ಭಾಗಕ್ಕೆ ಹತ್ತಿರವಾಗಿವೆ. ಹಳೆಯ ಮೋಟಾರು ಕೊಂಡಾಗ ಅಥವಾ ರಿವೈಂಡಿಂಗ್ ಮಾಡಿಸಿ ತಂದಾಗ ಅದರ ಒಳಗಿನ ತಾಮ್ರ ಹೇಗಿದೆಯೆಂದು ಹೊರಗಿನ ಬಣ್ಣ ನೋಡಿ ಹೇಳಲಾಗದು. ರೋಧವನ್ನು ಅಳೆದರೆ ಹೇಳಬಹುದು.

ಸಾಮಾನ್ಯ ಮಲ್ಟಿಮೀಟರು ಕೆಲವೇ ಓಮ್‌ಗಳಷ್ಟು ಚಿಕ್ಕ ರೋಧವನ್ನು ನಂಬಿಕೆಗೆ ಅರ್ಹವಾಗಿ ತೋರಿಸದು. ಅದರ ತಂತಿಗಳ ರೋಧವೇ ಲೆಕ್ಕದಲ್ಲಿ ಸೇರಿಬಿಡುತ್ತದೆ. ಆದ್ದರಿಂದ ಮೋಟಾರನ್ನು ಪೂರೈಕೆಯಿಂದ ಸಂಪೂರ್ಣ ಬೇರ್ಪಡಿಸಿ, ಕೆಪಾಸಿಟರ್ ಇದ್ದರೆ ಅದನ್ನೂ ತೆಗೆದು, 12 ವೋಲ್ಟಿನ ಬ್ಯಾಟರಿಯನ್ನು ಫ್ಯೂಜಿನ ಮೂಲಕ ಎರಡು ಟರ್ಮಿನಲ್ಲುಗಳಿಗೆ ಜೋಡಿಸಬೇಕು. ಟರ್ಮಿನಲ್ಲುಗಳ ನಡುವಿನ ವೋಲ್ಟೇಜನ್ನೂ ಹರಿಯುವ ಕರೆಂಟನ್ನೂ ಅಳೆದು ಸೂತ್ರ 1ನ್ನು ಬಳಸಬೇಕು. 3 ಅಶ್ವಶಕ್ತಿಯ ಒಂದು ಮೋಟಾರಿನಲ್ಲಿ ಹೀಗೆ ಬಂದಿದೆಯೆಂದು ಇಟ್ಟುಕೊಳ್ಳಬಹುದು:

ಮೊದಲ ಜೋಡಿ: 12.0 ÷ 2.40 = 5.00 ಓಮ್
ಎರಡನೆಯ ಜೋಡಿ: 12.0 ÷ 2.39 = 5.02 ಓಮ್
ಮೂರನೆಯ ಜೋಡಿ: 12.0 ÷ 2.41 = 4.98 ಓಮ್

ಮೂರೂ ಬಹುತೇಕ ಸಮನಾಗಿರುವುದರಿಂದ ವೈಂಡಿಂಗು ಸಮತೋಲನದಲ್ಲಿದೆ. ಒಂದು ಜೋಡಿಯ ರೋಧವು ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಬೇರೆಯಾಗಿದ್ದರೆ ಸುರುಳಿಗಳ ಸಂಖ್ಯೆಯಲ್ಲಿ ಹೆಚ್ಚು ಕಡಿಮೆಯಾಗಿದೆ, ಇಲ್ಲವೇ ಒಳಗಿನ ಬೆಸುಗೆ ಸರಿಯಿಲ್ಲ ಎಂದು ತಿಳಿದು ಹಣ ಕೊಡುವ ಮೊದಲೇ ಮರಳಿ ತೋರಿಸಬೇಕು. ಮೂರೂ ಸಮನಾಗಿದ್ದು, ಸುಡುವ ಮೊದಲಿನ ರೋಧಕ್ಕಿಂತ ಎಲ್ಲವೂ ಹೆಚ್ಚಾಗಿದ್ದರೆ ಮೊದಲಿಗಿಂತ ತೆಳುವಾದ ತಂತಿಯನ್ನು ಸುತ್ತಿರುವ ಸಂದೇಹವಿದೆ. ಹೊಸ ಮೋಟಾರು ಬಂದ ದಿನವೇ ರೋಧವನ್ನು ಅಳೆದು ಬರೆದಿಟ್ಟವರಿಗೆ ಮಾತ್ರ ಈ ಹೋಲಿಕೆ ಸಾಧ್ಯ.

ಇದೇ ಅಳತೆಯು ಮೋಟಾರಿನ ಒಳಗಿನ ಶಾಖವನ್ನೂ ತಿಳಿಸುತ್ತದೆ. ತಾಮ್ರವು ಕಾದಂತೆ ಅದರ ರೋಧ ಏರುತ್ತದೆ.

ಸೂತ್ರ 7: ಬಿಸಿಯ ಉಷ್ಣತೆ = (ಬಿಸಿ ರೋಧ ÷ ತಣ್ಣನೆಯ ರೋಧ) × (234.5 + ತಣ್ಣನೆಯ ಉಷ್ಣತೆ) − 234.5

ಬೆಳಿಗ್ಗೆ 30 ಡಿಗ್ರಿಯಲ್ಲಿ 5.00 ಓಮ್ ಇದ್ದದ್ದು, ನಾಲ್ಕು ಗಂಟೆ ನಡೆಸಿ ನಿಲ್ಲಿಸಿದ ಕೂಡಲೇ ಅಳೆದಾಗ 6.09 ಓಮ್ ಆಯಿತು. ಆಗ,

(6.09 ÷ 5.00) × 264.5 − 234.5 = ಸುಮಾರು 88 ಡಿಗ್ರಿ

ಬಿ ವರ್ಗದ ನಿರೋಧಕವಿರುವ ವೈಂಡಿಂಗಿಗೆ 130 ಡಿಗ್ರಿಯು ಮೇಲಿನ ಮಿತಿ. ಈ ಮೋಟಾರು ಸುರಕ್ಷಿತವಾಗಿದೆ. ಬೇಸಗೆಯ 40 ಡಿಗ್ರಿಯಲ್ಲಿಯೂ ಅದು ಸುಮಾರು 100 ಡಿಗ್ರಿಯೊಳಗೆ ಉಳಿಯುತ್ತದೆ. ಮೋಟಾರಿನ ಮೈಮೇಲೆ ಕೈಯಿಟ್ಟು ಶಾಖವನ್ನು ಊಹಿಸುವುದಕ್ಕಿಂತ ಇದು ಎಷ್ಟೋ ಖಚಿತವಾದ ಕ್ರಮ.

ಉದಾಹರಣೆ 5: ಚಿಕ್ಕೋಡಿಯ ಹಿಟ್ಟಿನ ಗಿರಣಿ

ಒಂದು ಗಿರಣಿಯಲ್ಲಿ 15 ಅಶ್ವಶಕ್ತಿಯ ಮೋಟಾರು ಇದೆ. ಧಾನ್ಯ ಬೀಸುತ್ತಿರುವಾಗ ವೋಲ್ಟೇಜು 410, ಕರೆಂಟು 15 ಆಂಪಿಯರ್. ಪವರ್ ಫ್ಯಾಕ್ಟರ್ ಬಿಟ್ಟು ಗುಣಿಸಿದರೆ,

1.732 × 410 × 15 = 10,650; ಅಂದರೆ 10.65 ಕಿಲೋವೋಲ್ಟ್-ಆಂಪಿಯರ್

ನಿಜವಾದ ಸಾಮರ್ಥ್ಯವನ್ನು ಮೀಟರೇ ಹೇಳುತ್ತದೆ. ಮೀಟರಿನ ಮೇಲೆ ಒಂದು ಯುನಿಟ್ಟಿಗೆ ಕೆಂಪು ದೀಪವು ಎಷ್ಟು ಸಲ ಮಿಣುಕುತ್ತದೆಂದು ಮುದ್ರಿಸಿರುತ್ತದೆ. ಇಲ್ಲಿ ಅದು 400 ಎಂದಿರಲಿ. ಬೇರೆ ಲೋಡುಗಳನ್ನೆಲ್ಲ ಆರಿಸಿ ಎಣಿಸಿದಾಗ 2 ನಿಮಿಷದಲ್ಲಿ 93 ಸಲ ಮಿಣುಕಿತು.

93 ÷ 400 × 30 = ಸುಮಾರು 7 ಕಿಲೋವ್ಯಾಟ್
ಪವರ್ ಫ್ಯಾಕ್ಟರ್ = 7 ÷ 10.65 = 0.66

ಇಲ್ಲಿ 30 ಎಂಬುದು ಒಂದು ಗಂಟೆಯಲ್ಲಿರುವ ಎರಡೆರಡು ನಿಮಿಷಗಳ ಸಂಖ್ಯೆ. ಸಿ.ಟಿ. ಜೋಡಿಸಿದ ಮೀಟರಾದರೆ ಅದರ ಗುಣಕದಿಂದಲೂ ಗುಣಿಸಬೇಕು.

ಈ ಲೆಕ್ಕವು ಎರಡು ಸಂಗತಿಗಳನ್ನು ಹೊರಗೆಡಹುತ್ತದೆ. ಮೋಟಾರು ಒಳಗೆ ತೆಗೆದುಕೊಳ್ಳುವ 7 ಕಿಲೋವ್ಯಾಟಿನಲ್ಲಿ ಶೇ. 85 ಕೆಲಸಕ್ಕೆ ಬಂದರೆ ಅದು ಸುಮಾರು 8 ಅಶ್ವಶಕ್ತಿ. 15ರ ಮೋಟಾರಿಗೆ 8ರ ಕೆಲಸವಿದೆ. ಅರ್ಧ ಭಾರದ ಮೋಟಾರಿನ ಪವರ್ ಫ್ಯಾಕ್ಟರ್ ಕೆಳಗಿಳಿಯುವುದು ಸಹಜ. ಮಂಜೂರಾದ ಲೋಡಿನ ಮೇಲೆ ಸ್ಥಿರ ಶುಲ್ಕವಿರುವುದರಿಂದ ಬಳಸದ ಅಶ್ವಶಕ್ತಿಗೂ ತಿಂಗಳು ತಿಂಗಳು ಹಣ ಹೋಗುತ್ತಿದೆ. ಅತಿ ಗಟ್ಟಿಯಾದ ಧಾನ್ಯವನ್ನು ಬೀಸುವಾಗಲೂ ಇಷ್ಟೇ ಭಾರವಿದ್ದರೆ ಮುಂದಿನ ಸಲ 10 ಅಶ್ವಶಕ್ತಿಯ ಮೋಟಾರು ಸಾಕು.

ಇದ್ದ ಮೋಟಾರನ್ನೇ ಇಟ್ಟುಕೊಳ್ಳುವುದಾದರೆ ಕೆಪಾಸಿಟರ್ ಅಗತ್ಯ. ಪವರ್ ಫ್ಯಾಕ್ಟರನ್ನು 0.66ರಿಂದ 0.95ಕ್ಕೆ ಏರಿಸಲು ಇಲ್ಲಿ ಸುಮಾರು 5.7 ಕೆ.ವಿ.ಎ.ಆರ್. ಬೇಕಾಗುತ್ತದೆ. ಆಗ ಕರೆಂಟು 15ರಿಂದ 10.4 ಆಂಪಿಯರಿಗೆ ಇಳಿಯುತ್ತದೆ. ತಂತಿಯ ನಷ್ಟವು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕೆಪಾಸಿಟರಿನಿಂದ ಹಿಂದಿನ ತಂತಿಗೆ ಮಾತ್ರ ಈ ಲಾಭ ದೊರೆಯುವುದರಿಂದ ಅದನ್ನು ಮೀಟರಿನ ಬಳಿ ತೂಗುಹಾಕದೆ ಮೋಟಾರಿನ ಹತ್ತಿರ ಇರಿಸಬೇಕು. ಆದರೆ ಅಳತೆ ಮೀರಿದ ಕೆಪಾಸಿಟರೂ ಹಾನಿಕರ. ಸ್ವಿಚ್ಚು ಆರಿಸಿದಾಗ ಮೋಟಾರಿನಲ್ಲಿ ಅಧಿಕ ವೋಲ್ಟೇಜು ಹುಟ್ಟಬಹುದು. ಮೋಟಾರು ಖಾಲಿ ತಿರುಗುವಾಗಿನ ಕರೆಂಟನ್ನು ನೋಡಿ ತಜ್ಞರಿಂದ ಗಾತ್ರವನ್ನು ನಿಶ್ಚಯಿಸಿಕೊಳ್ಳಬೇಕು. ಪವರ್ ಫ್ಯಾಕ್ಟರ್ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಬೀಳುವ ಹೆಚ್ಚುವರಿ ಶುಲ್ಕದ ವಿವರವು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶದಲ್ಲಿರುತ್ತದೆ. 2002ರಿಂದ ಈ ಭಾಗದ ಪೂರೈಕೆಯನ್ನು ನೋಡಿಕೊಳ್ಳುತ್ತಿರುವ ಹೆಸ್ಕಾಂ ಕಚೇರಿಯಲ್ಲಿ ಆ ದರಪಟ್ಟಿಯನ್ನು ಕೇಳಿ ಓದಿಕೊಳ್ಳುವುದು ಸೂಕ್ತ.

ಅಳೆಯುವಾಗ ಪಾಲಿಸಬೇಕಾದ ಎಚ್ಚರಿಕೆಗಳು

1. ಕರೆಂಟು ಅಳೆಯಲು ಟಾಂಗ್ ಟೆಸ್ಟರ್ ಉತ್ತಮ. ಅದರ ದವಡೆಯೊಳಗೆ ಒಂದೇ ತಂತಿ ಇರಬೇಕು. ಇಡೀ ಕೇಬಲ್ಲನ್ನು ಹಿಡಿದರೆ ಸೊನ್ನೆಯೇ ಕಾಣುತ್ತದೆ.
2. ಮೂರೂ ಫೇಜುಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು. ಒಂದರಲ್ಲಿ ಮಾತ್ರ ವ್ಯತ್ಯಾಸವಿದ್ದರೆ ಆ ಫೇಜಿನ ಜೋಡಣೆಯನ್ನು ಮೊದಲು ಶಂಕಿಸಬೇಕು.
3. ವೋಲ್ಟೇಜನ್ನು ಮೋಟಾರು ಭಾರ ಹೊತ್ತಿರುವಾಗಲೇ ಅಳೆಯಬೇಕು. ಖಾಲಿ ತಂತಿಯಲ್ಲಿ ಕರೆಂಟು ಹರಿಯದ ಕಾರಣ ಎಷ್ಟು ತೆಳು ತಂತಿಯಾದರೂ ವೋಲ್ಟೇಜು ಸರಿಯಾಗಿಯೇ ಕಾಣುತ್ತದೆ.
4. ವಿದ್ಯುತ್ತು ಹರಿಯುತ್ತಿರುವ ಬೋರ್ಡನ್ನು ಬಿಚ್ಚಿ ಅಳೆಯುವ ಕೆಲಸವನ್ನು ಪರವಾನಗಿ ಇರುವವರಿಂದಲೇ ಮಾಡಿಸಬೇಕು. ಮಾಲೀಕನ ಕೆಲಸ ಅಂಕಿ ಬರೆದುಕೊಳ್ಳುವುದು ಮತ್ತು ಲೆಕ್ಕ ಮಾಡುವುದು.

ಅಭ್ಯಾಸಕ್ಕೆ ಮೂರು ಲೆಕ್ಕಗಳು

1. ಚಹಾದಂಗಡಿಯೊಂದರ ನೀರು ಕಾಯಿಸುವ ಹೀಟರು 230 ವೋಲ್ಟಿನಲ್ಲಿ 6.5 ಆಂಪಿಯರ್ ಎಳೆಯುತ್ತದೆ. ಅದರ ರೋಧವೆಷ್ಟು? 200 ವೋಲ್ಟಿನಲ್ಲಿ ಸಾಮರ್ಥ್ಯವೆಷ್ಟು?
2. ಗೋದಾಮಿಗೆ 60 ಮೀಟರ್ ದೂರ 2.5 ಚದರ ಮಿ.ಮೀ. ತಾಮ್ರದ ತಂತಿ, ಒಂದೇ ಫೇಜು, 10 ಆಂಪಿಯರ್ ಲೋಡು. ಹೋಗುವ ಬರುವ ಎರಡೂ ತಂತಿ ಸೇರಿ ಇಳಿಯುವ ವೋಲ್ಟೇಜು ಎಷ್ಟು? ನಷ್ಟವೆಷ್ಟು?
3. 400 ವೋಲ್ಟ್, 7.5 ಆಂಪಿಯರ್ ಎಳೆಯುವ ಮೂರು ಫೇಜಿನ ಮೋಟಾರಿಗೆ ಮೀಟರು 3.9 ಕಿಲೋವ್ಯಾಟ್ ತೋರಿಸುತ್ತದೆ. ಪವರ್ ಫ್ಯಾಕ್ಟರ್ ಎಷ್ಟು?

ಉತ್ತರಗಳು: (1) 35.4 ಓಮ್, ಸುಮಾರು 1,130 ವ್ಯಾಟ್. (2) 8.4 ವೋಲ್ಟ್, 84 ವ್ಯಾಟ್. (3) 0.75.

ಖಾತೆ ಪುಸ್ತಕದಲ್ಲಿ ಒಂದು ಪುಟ

ಜಮಾ–ಖರ್ಚಿನ ಪುಸ್ತಕವಿಲ್ಲದ ಅಂಗಡಿಯಿಲ್ಲ. ಅದರ ಕೊನೆಯ ಪುಟವೊಂದನ್ನು ವಿದ್ಯುತ್ತಿಗಾಗಿ ಮೀಸಲಿಡುವುದು ಹಿತಕರ. ದಿನಾಂಕ, ಗಂಟೆ, ಯಂತ್ರ ನಿಂತಾಗಿನ ವೋಲ್ಟೇಜು, ನಡೆಯುವಾಗ ಬೋರ್ಡಿನ ವೋಲ್ಟೇಜು, ಮೋಟಾರಿನ ವೋಲ್ಟೇಜು, ಮೂರು ಫೇಜುಗಳ ಕರೆಂಟು ಇಷ್ಟನ್ನು ವಾರಕ್ಕೊಮ್ಮೆ ಬರೆದರೆ ಸಾಕು. ವೋಲ್ಟೇಜು ಮತ್ತು ಹೊರೆ ಮೊದಲಿನಂತೆಯೇ ಇದ್ದು ಕರೆಂಟು ಮಾತ್ರ ವಾರದಿಂದ ವಾರಕ್ಕೆ ಏರುತ್ತಿದ್ದರೆ ಬೇರಿಂಗು ಸವೆದಿರಬಹುದು, ಇಲ್ಲವೇ ಪಟ್ಟಿ ಅತಿ ಬಿಗಿಯಾಗಿರಬಹುದು. ಬೋರ್ಡು ಮತ್ತು ಮೋಟಾರಿನ ನಡುವಿನ ಅಂತರ ಹಿಗ್ಗುತ್ತಿದ್ದರೆ ಜೋಡಣೆ ಸಡಿಲವಾಗುತ್ತಿದೆ. ಯಂತ್ರ ನಿಂತಾಗಲೂ ವೋಲ್ಟೇಜು ಕಡಿಮೆಯಿದ್ದರೆ ದಿನಾಂಕ, ಗಂಟೆ ಸಹಿತ ಆ ಪುಟದ ಪ್ರತಿಯನ್ನೇ ದೂರಿನೊಡನೆ ಲಗತ್ತಿಸಬಹುದು. "ವೋಲ್ಟೇಜು ಸರಿಯಿಲ್ಲ" ಎಂಬ ಬಾಯಿಮಾತಿಗಿಂತ ಎಂಟು ವಾರಗಳ ಅಂಕಿಗಳಿಗೆ ಯಾವ ಕಚೇರಿಯಲ್ಲಿಯೂ ಹೆಚ್ಚು ತೂಕವಿರುತ್ತದೆ.

ರಾಯಬಾಗದ ಉದಾಹರಣೆಯ ಗಾಣದ ಮಾಲೀಕನು ಟಿ.ಸಿ.ಯನ್ನು ದೂರುತ್ತಿದ್ದನು, ದೋಷವು ಅವನ 200 ಮೀಟರ್ ತಂತಿಯಲ್ಲಿಯೇ ಇತ್ತು. ಬೇರೊಬ್ಬನ ಲೆಕ್ಕದಲ್ಲಿ ದೋಷವು ಪೂರೈಕೆಯ ಕಡೆಗೋ ರಿವೈಂಡಿಂಗಿನ ಕಡೆಗೋ ಹೊರಳಬಹುದು. ಎರಡು ಅಂಕಿಗಳನ್ನು ಅಳೆದವನಿಗೆ ಮಾತ್ರ ಯಾರ ಬಾಗಿಲಿಗೆ ಹೋಗಬೇಕೆಂಬುದು ತಿಳಿದಿರುತ್ತದೆ.